ನಾಲ್ಕು ತಾಲೂಕಿಗೆ ಇಂಗ್ಲಿಷ್ ನುಡಿಗಟ್ಟು ಬಂದ ದಾರಿ

ಪದಗಳ ಅರ್ಥ ಬಿಡಿಬಿಡಿಯಾಗಿ ತಿಳಿದಿದ್ದರೂ ಒಟ್ಟು ಅರ್ಥ ಕೈಗೆ ಸಿಗದ ಮಾತಿಗೆ ನುಡಿಗಟ್ಟು ಎನ್ನುತ್ತಾರೆ. ‘ಚಳ್ಳೆಹಣ್ಣು ತಿನ್ನಿಸಿದ’ ಎಂದಾಗ ಅಲ್ಲಿ ಹಣ್ಣೂ ಇರುವುದಿಲ್ಲ, ತಿಂದವರೂ ಇರುವುದಿಲ್ಲ. ಯಾರೋ ಯಾರನ್ನೋ ಏಮಾರಿಸಿ ಜಾರಿಕೊಂಡಿರುತ್ತಾರೆ. ಇಂಗ್ಲಿಷಿನವರು ‘ಕಿಕ್ ದ ಬಕೆಟ್’ ಎಂದಾಗಲೂ ಅಷ್ಟೇ, ಬಕೆಟ್ಟಿಗೆ ಏನೂ ಆಗಿರುವುದಿಲ್ಲ, ಒಬ್ಬ ಸತ್ತಿರುತ್ತಾನೆ. ಇಂಥ ಮಾತು ಒಂದು ಭಾಷೆಯ ಗಡಿ ದಾಟಿ ಇನ್ನೊಂದರಲ್ಲಿ ಬೇರೂರುವುದು ಕಷ್ಟ. ಆದರೂ ಕಳೆದ ಇನ್ನೂರು ವರ್ಷಗಳಲ್ಲಿ ಇಂಗ್ಲಿಷಿನ ಎಷ್ಟೋ ನುಡಿಗಟ್ಟುಗಳು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಿಗೆ ಬಂದವು. ಕೆಲವು ಮಾತಿನಲ್ಲಿ ಬೆರೆತುಹೋದವು, ಕೆಲವು ಪತ್ರಿಕೆಯ ಕಾಲಮ್ಮಿನಲ್ಲೇ ನಿಂತವು, ಬಹುಪಾಲು ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತುಹೋದವು. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಶಾಲೆಯ ಪುಸ್ತಕಕ್ಕಿಂತ ಹೆಚ್ಚಾಗಿ ತೀರ್ಮಾನಿಸಿದ್ದು ಕಚೇರಿ, ರಸ್ತೆ, ರೈಲು ಮತ್ತು ರೇಷನ್ ಅಂಗಡಿ.

ಈ ನಾಲ್ಕೂ ತಾಲೂಕುಗಳು ಈಗ ಹಾವೇರಿ ಜಿಲ್ಲೆಯವು. ಆ ಜಿಲ್ಲೆ ಆದದ್ದು 1997ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಇದೆಲ್ಲ ಧಾರವಾಡ ಜಿಲ್ಲೆ. 1884ರ ಮುಂಬಯಿ ಗೆಜೆಟಿಯರ್ ತೆರೆದರೆ ಹಿರೇಕೆರೂರು ತಾಲೂಕು ಕೋಡ ಎಂಬ ಹೆಸರಿನಲ್ಲಿ ಸಿಗುತ್ತದೆ, ಶಿಗ್ಗಾವಿ ಬಂಕಾಪುರ ತಾಲೂಕಿನ ಮುಖ್ಯ ಊರಾಗಿ ಸಿಗುತ್ತದೆ. ಸವಣೂರಿನ ಲೆಕ್ಕ ಬೇರೆ. ಅದು 1948ರವರೆಗೂ ನವಾಬರ ಸಂಸ್ಥಾನ. ಸುತ್ತಲೂ ಬ್ರಿಟಿಷ್ ಮುಲುಕು, ನಡುವೆ ಪುಟ್ಟ ರಾಜ್ಯ. ನೆಲವೂ ಒಂದೇ ತೆರನಲ್ಲ. ಹಾನಗಲ್ಲ, ಹಿರೇಕೆರೂರಿನ ಪಡುವಣ ಭಾಗ ಮಲೆನಾಡಿಗೆ ಅಂಟಿಕೊಂಡಿದ್ದು, ಅಲ್ಲಿ ಬತ್ತ ಬೆಳೆಯುತ್ತದೆ. ಸವಣೂರು, ಶಿಗ್ಗಾವಿಯ ಮೂಡಣದಲ್ಲಿ ಎರೆಭೂಮಿ, ಅಲ್ಲಿ ಜೋಳ, ಹತ್ತಿ, ಮೆಣಸಿನಕಾಯಿ. ಮಾತಿನಲ್ಲಿ ಬರುವ ಹೋಲಿಕೆಗಳೂ ಈ ನೆಲದಿಂದಲೇ ಎದ್ದವು.

ಇಂಗ್ಲಿಷ್ ಬರುವ ಹೊತ್ತಿಗೆ ಇಲ್ಲಿನ ಮಾತು ಬರಿದಾಗಿ ಕುಳಿತಿರಲಿಲ್ಲ. ಶಾಸನಗಳಲ್ಲಿ ಪಾನುಂಗಲ್ಲು ಎಂದು ಕರೆಸಿಕೊಂಡ ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿ. ಈ ಸೀಮೆಯಲ್ಲಿ ಸಿಗುವ ವೀರಗಲ್ಲುಗಳಲ್ಲಿ ಕಾದಿ ಸತ್ತವನನ್ನು ‘ಸತ್ತ’ ಎನ್ನುವುದಕ್ಕಿಂತ ‘ಸುರಲೋಕ ಪ್ರಾಪ್ತನಾದ’ ಎನ್ನುವ ರೂಢಿಯೇ ಹೆಚ್ಚು. ಸರ್ವಜ್ಞನ ಹೆಸರಿನೊಂದಿಗೆ ಸೇರಿಕೊಂಡ ಅಬಲೂರು, ಮಾಸೂರುಗಳು ಹಳೆಯ ಹಿರೇಕೆರೂರು ತಾಲೂಕಿನ ಊರುಗಳು. ಅವನ ತ್ರಿಪದಿಗಳ ಅರ್ಧ ಸಾಲು, ಕಾಲು ಸಾಲು ಕವಿಯ ಹೆಸರು ಕಳಚಿಕೊಂಡು ಗಾದೆಗಳಾಗಿ ಓಡಾಡಿದವು. ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು ಹಸ್ತಪ್ರತಿಗಳನ್ನೂ ಜನರ ಬಾಯಲ್ಲಿದ್ದುದನ್ನೂ ಕೂಡಿಹಾಕಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಅಚ್ಚಿಗೆ ತಂದ ಮೇಲೆ, ಇವುಗಳಲ್ಲಿ ಎಷ್ಟು ಅವನವು ಎಂಬ ಹುಡುಕಾಟಕ್ಕೆ ಒಂದು ನೆಲೆ ಸಿಕ್ಕಿತು.

ನವಾಬರ ಸವಣೂರು ಮತ್ತು ಪೇಶ್ವೆಯರ ಆಡಳಿತ ಇನ್ನೊಂದು ಪದರವನ್ನು ಸೇರಿಸಿದ್ದವು. ತಗಾದೆ ತೆಗೆಯುವುದು, ಪೈಸಲ್ ಮಾಡುವುದು, ಬರಖಾಸ್ತು ಆಗುವುದು ಇವೆಲ್ಲ ಫಾರ್ಸಿಯಿಂದ ಬಂದ ಮಾತುಗಳು, ಕೆಲವು ಮರಾಠಿಯ ಮೂಲಕ ಬಂದವು. ಪರಭಾಷೆಯ ನಾಮಪದಕ್ಕೆ ಕನ್ನಡದ ‘ಮಾಡು’, ‘ತೆಗೆ’, ‘ಆಗು’, ‘ಹೊಡೆ’ ಜೋಡಿಸಿ ಹೊಸ ಮಾತು ಕಟ್ಟುವ ಕೈಚಳಕವನ್ನು ಈ ಸೀಮೆಯವರು ಇಂಗ್ಲಿಷಿಗೂ ಮುಂಚೆಯೇ ಕಲಿತಿದ್ದರು. ಮುಂದೆ ಇಂಗ್ಲಿಷಿನ ಮೇಲೆಯೂ ಅದನ್ನೇ ಪ್ರಯೋಗಿಸಿದರು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. ಧಾರವಾಡ ಸೀಮೆ ಕಂಪನಿ ಸರ್ಕಾರದ ಕೈಗೆ ಬಂದು ಮುಂದೆ ಮುಂಬಯಿ ಇಲಾಖೆಗೆ ಸೇರಿತು. ಇಂಗ್ಲಿಷ್ ಮೊದಲು ಕಾಣಿಸಿದ್ದು ಕಚೇರಿಯಲ್ಲಿ. ಆದರೆ ಅದು ಕಲೆಕ್ಟರನ ಮೇಜಿನ ಭಾಷೆ; ಮಾಮಲೇದಾರ ಕಚೇರಿಯ ದಫ್ತರ ಬಹುಕಾಲ ಮರಾಠಿಯಲ್ಲಿ ನಡೆದು ನಿಧಾನಕ್ಕೆ ಕನ್ನಡಕ್ಕೆ ತಿರುಗಿತು. ಹೀಗಾಗಿ ಸರ್ಕಾರದ ಇಂಗ್ಲಿಷ್ ನುಡಿಗಟ್ಟು ಹಳ್ಳಿಗೆ ನೇರವಾಗಿ ಇಳಿಯಲೇ ಇಲ್ಲ. ‘ರೆಡ್ ಟೇಪ್’ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಕಾಗದಗಳನ್ನೂ ಕೋರ್ಟಿನ ಕಾಗದಗಳನ್ನೂ ಕೆಂಪು ಬಣ್ಣದ ಲಾಡಿಯಿಂದ ಕಟ್ಟುತ್ತಿದ್ದರು. ಆ ಲಾಡಿ ಬಿಚ್ಚದೆ ಕೆಲಸ ಮುಂದೆ ಸಾಗದು ಎಂಬಲ್ಲಿಂದ ‘ನಿಯಮದ ನೆಪದ ವಿಳಂಬ’ ಎಂಬ ಅರ್ಥ ಬಂತು. ಕನ್ನಡ ಪತ್ರಿಕೆಗಳು ಅದನ್ನು ‘ಕೆಂಪುಪಟ್ಟಿ’ ಮಾಡಿದವು, ‘ಕೆಂಪುಪಟ್ಟಿ ಧೋರಣೆ’ ಎಂದು ಸಂಪಾದಕೀಯ ಬರೆದವು. ಹಾನಗಲ್ಲಿನ ಕಚೇರಿ ಕಟ್ಟೆಯ ಮೇಲೆ ಜಮೀನಿನ ಉತಾರಕ್ಕೆ ಕಾಯುವ ರೈತ ಈ ಮಾತನ್ನು ಆಡಿದ್ದು ಕಡಿಮೆ. ಅವನ ಪ್ರಕಾರ ‘ಕಾಗದ ಮುಂದ ಸರೀವಲ್ದು’, ‘ಅಡ್ಡಾಡಿ ಅಡ್ಡಾಡಿ ಕಾಲು ಸವದ್ವು’. ಕಾಗದ ಸರಿಯಬೇಕಾದರೆ ‘ಕೈ ಬಿಸಿ ಮಾಡಬೇಕು’. ಇಂಗ್ಲಿಷಿನವರು ಇದೇ ಕೆಲಸಕ್ಕೆ ಅಂಗೈಗೆ ಜಿಡ್ಡು ಸವರುತ್ತಾರೆ, ‘ಗ್ರೀಸ್ ದ ಪಾಮ್’ ಎನ್ನುತ್ತಾರೆ. ಲಂಚದ ವಿಷಯದಲ್ಲಿ ಯಾವ ಭಾಷೆಯೂ ಇನ್ನೊಂದರಿಂದ ಸಾಲ ತರಬೇಕಾದ ಬಡತನದಲ್ಲಿಲ್ಲ.

ಶಾಲೆಯ ದಾರಿ ಹೆಚ್ಚು ಉದ್ದದ್ದು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಮುಂಬಯಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಕನ್ನಡ ಶಾಲೆಗಳು ತಲೆಯೆತ್ತಲು ಇಂಗ್ಲಿಷ್ ಅಧಿಕಾರಿಗಳೂ ಡೆಪ್ಯುಟಿ ಚನ್ನಬಸಪ್ಪನವರಂಥ ಕನ್ನಡಿಗರೂ ದುಡಿದರು. ಚನ್ನಬಸಪ್ಪನವರು 1871ರಲ್ಲಿ ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕಿಳಿಸಿದ್ದು ಈ ಸೀಮೆಯಲ್ಲಿ ಇಂಗ್ಲಿಷ್ ಮಾತಿನ ಬೆಡಗನ್ನು ಕನ್ನಡದ ಮಾತಿನಿಂದಲೇ ಎದುರಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಇಂಗ್ಲಿಷ್ ಕಲಿಯಬೇಕೆಂದರೆ ಧಾರವಾಡಕ್ಕೆ ಹೋಗಬೇಕಿತ್ತು. ಅಲ್ಲಿಯ ಬಾಸೆಲ್ ಮಿಷನ್ನಿನ ಝೀಗ್ಲರ್ ಶಾಲಾ ಮಕ್ಕಳಿಗಾಗಿ ಇಂಗ್ಲಿಷ್–ಕನ್ನಡ ನಿಘಂಟನ್ನು ಮಾಡಿಕೊಟ್ಟರು. ಅದೇ ಮಿಷನ್ನಿನ ಕಿಟ್ಟೆಲ್ 1894ರ ತಮ್ಮ ದೊಡ್ಡ ನಿಘಂಟಿನಲ್ಲಿ ಎದುರು ದಿಕ್ಕಿನಿಂದ ನಡೆದರು: ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಕೊಟ್ಟು, ಸಾಕ್ಷಿಯಾಗಿ ಗಾದೆಗಳನ್ನು ಪೋಣಿಸಿದರು, ಮುಂಬಯಿ ಕರ್ನಾಟಕದಲ್ಲಷ್ಟೇ ಬಳಕೆಯಿದ್ದ ಮಾತುಗಳಿಗೆ ‘ದಕ್ಷಿಣ ಮರಾಠಾ ಸೀಮೆ’ಯದೆಂದು ಗುರುತು ಹಾಕಿದರು. ಸವಣೂರು ಪೇಟೆಯಲ್ಲಿ ಆಡುವ ಎಷ್ಟೋ ಮಾತು ಆ ಗುರುತಿನ ಅಡಿಯಲ್ಲಿ ಈಗಲೂ ಸಿಗುತ್ತವೆ.

1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಶುರುವಾದ ಮೇಲೆ ಮ್ಯಾಟ್ರಿಕ್ ಎಂಬ ಹೊಸ್ತಿಲು ಎದ್ದಿತು. ಅದನ್ನು ದಾಟಿದವನಿಗೆ ಕಾರಕೂನಿಕೆ, ಮಾಸ್ತರಿಕೆ, ಅದೃಷ್ಟವಿದ್ದರೆ ವಕೀಲಿ. ಇಂಗ್ಲಿಷ್ ಪಾಸಾಗದೆ ಹೊಸ್ತಿಲು ದಾಟುವಂತಿರಲಿಲ್ಲ. ವ್ಯಾಕರಣ, ಭಾಷಾಂತರ, ನುಡಿಗಟ್ಟು ಈ ಮೂರನ್ನೂ ಗಟ್ಟಿ ಮಾಡಿಸುವ ಪುಸ್ತಕಗಳು ಬಂದವು. ಮರಾಠಿ ಓದಿದವರಿಗೆ ತರ್ಖಡಕರರ ಭಾಷಾಂತರ ಪಾಠಮಾಲೆ ಇತ್ತು. ನೆಸ್‌ಫೀಲ್ಡನ ವ್ಯಾಕರಣಗಳು ಇಡೀ ದೇಶದಲ್ಲಿ ಓಡಿದವು. ಅವನ ಒಂದು ಪುಸ್ತಕದ ಹೆಸರೇ ‘ಈಡಿಯಂ’ ಎಂಬ ಪದದಿಂದ ಶುರುವಾಗುತ್ತಿತ್ತು. 1930ರ ದಶಕದಲ್ಲಿ ಅವನ ಜಾಗವನ್ನು ‘ರೆನ್ ಆ್ಯಂಡ್ ಮಾರ್ಟಿನ್’ ಹಿಡಿಯಿತು. ಜೋಡಿ ಹೆಸರಿನಲ್ಲಿ ಮೊದಲನೆಯವನಾದ ಪಿ.ಸಿ. ರೆನ್ ಇದೇ ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿ ನೌಕರಿ ಮಾಡಿ, ಆಮೇಲೆ 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವನು. ಇಂಗ್ಲೆಂಡಿನಲ್ಲಿ ಅವನನ್ನು ನೆನೆಯುವುದು ಆ ಕಾದಂಬರಿಗಾಗಿ. ಧಾರವಾಡ ಜಿಲ್ಲೆಯ ಹುಡುಗರ ಪಾಲಿಗೆ ಅವನು ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವ ಕಾಟ ಕೊಟ್ಟವನು.

ಈ ಪುಸ್ತಕಗಳಲ್ಲಿ ನುಡಿಗಟ್ಟು ಪಟ್ಟಿಯ ರೂಪದಲ್ಲಿ ಬರುತ್ತಿತ್ತು. ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ, ಕೆಳಗೆ ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಅಪ್ಪಣೆ. ಮಾಸ್ತರು ಪ್ರತಿಯೊಂದಕ್ಕೂ ಕನ್ನಡದ ಜೋಡಿ ಹುಡುಕಬೇಕಿತ್ತು. ಕೆಲವಕ್ಕೆ ಜೋಡಿ ತಾನಾಗಿಯೇ ಸಿಗುತ್ತಿತ್ತು. ಬಟ್ಟೆ ಇದ್ದಷ್ಟಕ್ಕೇ ಕೋಟು ಕತ್ತರಿಸು ಎಂದು ಇಂಗ್ಲಿಷ್ ಹೇಳಿದರೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕನ್ನಡ ಹೇಳುತ್ತದೆ. ಎರಡರ ಅರ್ಥವೂ ಗಳಿಕೆ ನೋಡಿ ಖರ್ಚು ಮಾಡು ಎಂಬುದೇ. ಪಿಶಾಚಿಗೂ ಆಳ ಸಮುದ್ರಕ್ಕೂ ನಡುವೆ ಸಿಕ್ಕಿಬಿದ್ದವನು ಇಲ್ಲಿ ‘ಅತ್ತ ದರಿ, ಇತ್ತ ಪುಲಿ’ ಎಂಬ ಸ್ಥಿತಿಗೆ ಬರುತ್ತಾನೆ. ಹುಲಿ ಎಂದೋ ‘ಹ’ಕಾರಕ್ಕೆ ತಿರುಗಿದ್ದರೂ ಈ ಮಾತಿನಲ್ಲಿ ಮಾತ್ರ ಹಳಗನ್ನಡದ ‘ಪ’ಕಾರದಲ್ಲೇ ಗುರುಗುಟ್ಟುತ್ತದೆ. ಸಮುದ್ರದಲ್ಲಿ ಒಂದು ಹನಿ ಎಂಬುದಕ್ಕೆ ‘ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಇತ್ತು, ಇಂಗ್ಲಿಷಿಗಿಂತ ರುಚಿಯಾಗಿಯೇ ಇತ್ತು. ಒಂದೇ ಕಲ್ಲಿನಿಂದ ಎರಡು ಹಕ್ಕಿ ಹೊಡೆಯುವ ಮಾತಿಗೆ ‘ಸ್ವಾಮಿ ಕಾರ್ಯ, ಸ್ವಕಾರ್ಯ’ ಸರಿಹೋಗುತ್ತಿತ್ತು. ಆದರೆ ಇದು ಮೂಲದ ಕಲ್ಲು–ಹಕ್ಕಿಯನ್ನು ಓಡಿಸುವಷ್ಟು ಬಲವಾಗಿರಲಿಲ್ಲ. ‘ಒಂದೇ ಕಲ್ಲಿಗೆ ಎರಡು ಹಕ್ಕಿ’ ಎಂಬ ಅನುವಾದವೂ ಪಕ್ಕದಲ್ಲೇ ನೆಲೆಸಿತು. ಕವಣೆ ಬೀಸಿ ಜೋಳದ ಹೊಲ ಕಾಯುವ ಊರುಗಳಲ್ಲಿ ಅದು ಪರಕೀಯವಾಗಿ ಕೇಳಿಸುವ ಕಾರಣವೂ ಇರಲಿಲ್ಲ.

ತೊಡಕು ಬರುತ್ತಿದ್ದುದು ಹಿನ್ನೆಲೆಯೇ ಬೇರೆಯಾದಾಗ. ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂದರೆ ಅವಕಾಶ ಕೈಜಾರುವ ಮೊದಲೇ ಬಳಸಿಕೋ ಎಂದು. ಇಂಗ್ಲೆಂಡಿನಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಬೇಸಿಗೆಯಲ್ಲಿ ಕೊಯ್ದ ಹುಲ್ಲನ್ನು ಬಿಸಿಲು ಕಂಡ ಎರಡು ಮೂರು ದಿನದಲ್ಲೇ ಒಣಗಿಸಿ ಬಣವೆ ಹಾಕದಿದ್ದರೆ ಕೊಳೆಯುತ್ತದೆ, ಚಳಿಗಾಲದಲ್ಲಿ ದನಕ್ಕೆ ಮೇವಿರುವುದಿಲ್ಲ. ಸವಣೂರು ಸೀಮೆಯಲ್ಲಿ ಹಿಂಗಾರಿ ಜೋಳ ಕಟಾವಿಗೆ ಬರುವ ಹೊತ್ತಿಗೆ ಬಿಸಿಲಿಗೆ ಬರವೇ ಇಲ್ಲ, ಬರವೇನಿದ್ದರೂ ಗಾಳಿಗೆ. ತೆನೆ ಮುರಿದು ಕಣಕ್ಕೆ ತಂದು, ನಡುವಿನ ಮೇಟಿಯ ಸುತ್ತ ಎತ್ತು ಹೂಡಿ ತುಳಿಸಿದ ಮೇಲೆ ಕಾಳೂ ಹೊಟ್ಟೂ ಕೂಡಿದ ರಾಶಿ ಉಳಿಯುತ್ತಿತ್ತು. ಒಬ್ಬರು ಎತ್ತರದಲ್ಲಿ ನಿಂತು ಮೊರ ಓರೆ ಮಾಡಿ ಅದನ್ನು ಸಣ್ಣಗೆ ಸುರಿಯಬೇಕು. ಗಾಳಿ ಬೀಸುತ್ತಿದ್ದರೆ ಹೊಟ್ಟು ಆಚೆ ಹಾರಿ ಕಾಳು ಕಾಲ ಬುಡದಲ್ಲಿ ಗುಡ್ಡೆಯಾಗುತ್ತದೆ. ಗಾಳಿ ನಿಂತರೆ ಕೆಲಸವೂ ನಿಂತಿತು, ಮೊರ ಹಿಡಿದವರು ಮುಗಿಲು ನೋಡುತ್ತ ಕೂರಬೇಕು. ಗಾಳಿ ನಡುರಾತ್ರಿ ಎದ್ದರೆ ಮನೆಮಂದಿಯನ್ನೆಲ್ಲ ಎಬ್ಬಿಸಿ ನಡುರಾತ್ರಿಯೇ ತೂರಬೇಕು. ‘ಗಾಳಿ ಬಂದಾಗ ತೂರಿಕೋ’ ಎಂಬ ಮಾತಿನ ಅವಸರ ಅರ್ಥವಾಗಬೇಕಾದರೆ ಆ ರಾತ್ರಿಯ ಕಣ ಗೊತ್ತಿರಬೇಕು. ಈಗ ಯಂತ್ರ ಬಂದು ರಾಶಿ ಒಂದು ತಾಸಿನಲ್ಲಿ ಮುಗಿಯುತ್ತದೆ, ಯಾರೂ ಗಾಳಿಗೆ ಕಾಯುವುದಿಲ್ಲ. ಮಾತು ಮಾತ್ರ ಹಾಗೇ ಇದೆ. ಈ ಜೋಡಿಯನ್ನು ಹೇಳಿಕೊಟ್ಟ ಮಾಸ್ತರ ಪಾಠ ತಲೆಗೆ ಹೋಗುತ್ತಿತ್ತು. ‘ಸೂರ್ಯ ಹೊಳೆಯುವಾಗ ಹುಲ್ಲು ಮಾಡು’ ಎಂದು ಪದಕ್ಕೆ ಪದ ಇಟ್ಟವರ ಪಾಠ ವಹಿಯಲ್ಲಿ ಉಳಿಯುತ್ತಿತ್ತು.

ಜೋಡಿಯೇ ಇಲ್ಲದವೂ ಇದ್ದವು. ಇಂಗ್ಲೆಂಡಿನ ನ್ಯೂಕ್ಯಾಸಲ್ ಕಲ್ಲಿದ್ದಲ ಗಣಿಗಳ ಊರಾಗಿತ್ತು. ಅಲ್ಲಿಗೆ ಕಲ್ಲಿದ್ದಲು ಹೊತ್ತುಕೊಂಡು ಹೋಗುವುದೆಂದರೆ ವ್ಯರ್ಥ ಶ್ರಮ. ವೀಳ್ಯದೆಲೆಗೆ ಹೆಸರಾದ ಸವಣೂರಿಗೆ ಎಲೆಯ ಪೆಂಡಿ ಒಯ್ದಂತೆ, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಒಯ್ದಂತೆ ಎಂದರೆ ಇಲ್ಲಿಯ ಹುಡುಗನಿಗೆ ಆ ಕ್ಷಣವೇ ತಿಳಿಯುತ್ತದೆ. ಅಚ್ಚಾದ ಗೈಡುಗಳಲ್ಲಿ ಇ‌ಂಥ ವಿವರಣೆಗೆ ಜಾಗವಿರಲಿಲ್ಲ. ಬೆಕ್ಕು ನಾಯಿಗಳ ಮಳೆ, ಅಂದರೆ ‘ರೈನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’, ಎಲ್ಲ ಪಟ್ಟಿಯಲ್ಲೂ ಇರುತ್ತಿತ್ತು. ಅದರ ಅರ್ಥ ಧೋ ಎಂದು ಸುರಿಯುವ ಮಳೆ ಎಂದಷ್ಟೇ. ಬೆಕ್ಕು ನಾಯಿ ಯಾಕೆ ಬಂದವು ಎಂಬುದಕ್ಕೆ ಇಂಗ್ಲಿಷ್ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆದು, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದೂ, ಮಘೆಯ ಮಳೆಯನ್ನು ಮನೆಮಗನ ಊಟಕ್ಕೆ ಹೋಲಿಸಿಯೂ ಮಾತಾಡುವ ಜನರಿಗೆ ಈ ಬೆಕ್ಕು ನಾಯಿಗಳಿಂದ ಆಗಬೇಕಾದ್ದೇನೂ ಇರಲಿಲ್ಲ. ಪರೀಕ್ಷೆಗೆ ಬರೆದರು, ಬಿಟ್ಟರು.

ಇಂಗ್ಲಿಷ್ ಮಾತಿನ ಒಳಗನ್ನು ಬಲ್ಲವರು ಈ ಸೀಮೆಯಿಂದ ಏಳಲಿಲ್ಲ ಎಂದಲ್ಲ. 1909ರ ಆಗಸ್ಟ್ 9ರಂದು ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಸಂಸ್ಥಾನದ ಮಜೀದ್ ಹೈಸ್ಕೂಲಿನಲ್ಲಿ ಕಲಿತು, ಧಾರವಾಡದ ಕರ್ನಾಟಕ ಕಾಲೇಜಿಗೆ ಹೋಗಿ, ಮುಂದೆ ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಪ್ರಥಮ ದರ್ಜೆಯಲ್ಲಿ ಪಾಸಾದವರು. ಮುಂಬಯಿ ಇಲಾಖೆಯ ಹಲವು ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸಿದರು, ಕನ್ನಡದಲ್ಲಿ ಕಾವ್ಯ, ಕಾದಂಬರಿ ಬರೆದರು. ಹೈದರಾಬಾದಿನಲ್ಲಿ 1958ರಲ್ಲಿ ಶುರುವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿ, 1964ರಲ್ಲಿ ಭಾರತದಲ್ಲಿ ಇಂಗ್ಲಿಷಿನ ಇಂದು ಮತ್ತು ನಾಳೆಯನ್ನು ಕುರಿತು ಒಂದು ಪುಸ್ತಕ ಬರೆದರು. ದೇಶದ ಇಂಗ್ಲಿಷ್ ಮಾಸ್ತರರಿಗೆ ತರಬೇತಿ ಕೊಡಲು ಹುಟ್ಟಿದ ಸಂಸ್ಥೆ ಅದು. ಅಲ್ಲಿಂದ ಹರಡಿದ ಹೊಸ ಪದ್ಧತಿಯಲ್ಲಿ ವ್ಯಾಕರಣ ಸೂತ್ರಕ್ಕೂ ಭಾಷಾಂತರಕ್ಕೂ ಮೊದಲ ಸ್ಥಾನವಿರಲಿಲ್ಲ. ವಾಕ್ಯದ ಅಚ್ಚುಗಳನ್ನು ಸರಳದಿಂದ ಕಠಿಣಕ್ಕೆ ಜೋಡಿಸಿ, ಎಣಿಸಿಟ್ಟ ಪದಗಳೊಳಗೆ ಮತ್ತೆ ಮತ್ತೆ ಆಡಿಸಿ ಕಲಿಸುವುದು ಅದರ ಕ್ರಮ. ನುಡಿಗಟ್ಟಿನ ಪಟ್ಟಿ ಹಿಂದಕ್ಕೆ ಸರಿಯಿತು. ಒಪ್ಪಬೇಕಾದ ಮಾತೇ: ನೆಟ್ಟಗೆ ಎರಡು ವಾಕ್ಯ ಆಡಲು ಬಾರದವನಿಗೆ ‘ಬೀಟ್ ಅಬೌಟ್ ದ ಬುಷ್’ ಎಂಬುದರ ಅರ್ಥ ಸುತ್ತಿ ಬಳಸಿ ಮಾತಾಡುವುದು ಎಂದು ಉರು ಹೊಡೆಸಿ ಪ್ರಯೋಜನವೇನು?

ಅಷ್ಟರಲ್ಲಿ ಶಾಲೆಯಲ್ಲಿ ಇಂಗ್ಲಿಷಿನ ಅವಧಿಯೇ ಕುಗ್ಗಿತ್ತು. ಸ್ವಾತಂತ್ರ್ಯದ ಬೆನ್ನಿಗೆ ಬಿ.ಜಿ. ಖೇರ್ ನಾಯಕತ್ವದ ಮುಂಬಯಿ ಸರ್ಕಾರ ಇಂಗ್ಲಿಷ್ ಪಾಠವನ್ನು ಎಂಟನೆಯ ಇಯತ್ತೆಗೆ ದೂಡಿತು. 1956ರ ನವೆಂಬರ್ 1ರಂದು ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರುವ ತನಕ, ಹಿರೇಕೆರೂರಿನ ಹುಡುಗ ಇಂಗ್ಲಿಷ್ ಅಕ್ಷರಮಾಲೆ ತಿದ್ದುತ್ತಿದ್ದ ವಯಸ್ಸಿನಲ್ಲಿ ಮೈಸೂರು ಕಡೆಯ ಹುಡುಗ ವಾಕ್ಯ ಬರೆಯುತ್ತಿದ್ದ. ಉತ್ತರ ಕರ್ನಾಟಕದವರ ಇಂಗ್ಲಿಷ್ ಒರಟು ಎಂಬ ಮಾತಿನ ಹಿಂದೆ ಹೀಗೆ ತಡವಾದ ವರ್ಷಗಳ ಲೆಕ್ಕ ಇರುವುದನ್ನು ಹಾಗೆ ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ. ಇಂಗ್ಲಿಷ್ ಪಂಡಿತರಾದ ಅದೇ ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟಿತು. 1982ರಲ್ಲಿ ಅದರ ಜಾರಿಗಾಗಿ ರಾಜ್ಯವೇ ಬೀದಿಗಿಳಿಯಿತು. ‘ಗೋಕಾಕ್ ಚಳವಳಿ’ ಎಂದರೆ ಬೆಳಗಾವಿ ಜಿಲ್ಲೆಯ ಗೋಕಾಕ ಊರಿನಲ್ಲಿ ನಡೆದ ಚಳವಳಿ ಎಂದುಕೊಂಡವರು ಈಗಲೂ ಸಿಗುತ್ತಾರೆ.

ಶಾಲೆಯ ಕಥೆ ಇಷ್ಟಾದರೆ, ಶಾಲೆಯ ಹೊರಗೆ ಇಂಗ್ಲಿಷ್ ನುಡಿಗಟ್ಟು ಬೇರೆಯೇ ವೇಗದಲ್ಲಿ ಬಂತು. ಪುಣೆ–ಬೆಂಗಳೂರು ಹೆದ್ದಾರಿ ಶಿಗ್ಗಾವಿ ತಾಲೂಕಿನ ನಡುವೆ ಹಾದುಹೋಗುತ್ತದೆ. ದಾರಿಯುದ್ದಕ್ಕೂ ನೆಟ್ಟ ಮೈಲಿಗಲ್ಲು ಎಲ್ಲರ ಕಣ್ಣಿಗೂ ಬಿದ್ದ ವಸ್ತು. ಹೀಗಾಗಿ ಬದುಕಿನ ಮಹತ್ವದ ಘಟ್ಟವನ್ನು ‘ಮೈಲ್‌ಸ್ಟೋನ್’ ಎನ್ನುವ ಇಂಗ್ಲಿಷ್ ರೂಢಿ ‘ಮೈಲಿಗಲ್ಲು’ ಆಗಿ ಕನ್ನಡಕ್ಕೆ ಸಲೀಸಾಗಿ ಒಗ್ಗಿತು. ರಸ್ತೆಯ ಕಲ್ಲುಗಳು ಕಿಲೋಮೀಟರಿಗೆ ಬದಲಾಗಿ ಅರ್ಧ ಶತಮಾನ ದಾಟಿದೆ. ಸನ್ಮಾನ ಭಾಷಣಗಳಲ್ಲಿ ಯಾರೂ ಕಿಲೋಮೀಟರ್ ಕಲ್ಲು ನೆಟ್ಟಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಸಿತು. ಸವಣೂರಿನವರು ಗಾಡಿ ಹತ್ತುವುದು ಯಲವಿಗಿಯಲ್ಲಿ. ಹಾನಗಲ್ಲ, ಹಿರೇಕೆರೂರು ಪಟ್ಟಣಗಳಿಗೆ ಹಳಿ ಬರಲೇ ಇಲ್ಲ. ಗಾರ್ಡ್ ಹಸಿರು ಬಾವುಟ ತೋರಿಸಿದರೆ ಗಾಡಿ ಬಿಡುತ್ತದೆ ಎಂಬುದು ಮಾತ್ರ ಎಲ್ಲೆಡೆ ಗೊತ್ತಾಯಿತು. ‘ಗ್ರೀನ್ ಸಿಗ್ನಲ್’ ಕನ್ನಡದಲ್ಲಿ ‘ಹಸಿರು ನಿಶಾನೆ’ ಆಯಿತು, ಅಂದರೆ ಅನುಮತಿ. ಕಲ್ಪನೆ ಇಂಗ್ಲಿಷಿನದು, ಹಸಿರು ಕನ್ನಡದ್ದು, ನಿಶಾನೆ ಫಾರ್ಸಿಯದು; ನವಾಬರ ಮತ್ತು ಪೇಶ್ವೆಯರ ಕಾಲದ ಬಾವುಟದ ಹೆಸರೇ ರೈಲಿನ ಬಾವುಟಕ್ಕೂ ಸಂದಿತು. ಕೆಲಸ ‘ಹಳಿ ತಪ್ಪುವುದು’, ಮತ್ತೆ ‘ಹಳಿಗೆ ಬರುವುದು’ ಇದೇ ದಾರಿಯಲ್ಲಿ ಬಂದವು.

ಎರಡನೇ ಮಹಾಯುದ್ಧದ ಕಾಲದ ರೇಷನ್ ಇನ್ನೊಂದು ದಾರಿ ತೆರೆಯಿತು. ಧಾನ್ಯ, ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಕಾರ್ಡು. ಕಾರ್ಡಿನಾಚೆಗೆ ಬೇಕಾದರೆ ಕದ್ದು ಮಾರುವವರ ಬಳಿ ದುಪ್ಪಟ್ಟು ರೊಕ್ಕ. ‘ಬ್ಲ್ಯಾಕ್ ಮಾರ್ಕೆಟ್’ ಎಂಬುದು ‘ಕಾಳಸಂತೆ’ ಆಗಿ ಹಳ್ಳಿಯ ಬಾಯಿಗೆ ಬಂತು. ವಾರಕ್ಕೊಮ್ಮೆ ಸಂತೆ ನೆರೆಯುವ ಊರುಗಳಿಗೆ ಆ ಸಂತೆಗೊಂದು ಕತ್ತಲ ತಮ್ಮನಿದ್ದಾನೆ ಎಂಬುದನ್ನು ವಿವರಿಸಿ ಹೇಳಬೇಕಾಗಲಿಲ್ಲ. ಯುದ್ಧ ಮುಗಿದು ರೇಷನ್ ಸಡಿಲಾದ ಮೇಲೂ ಗೊಬ್ಬರ, ಬಿತ್ತನೆ ಬೀಜದ ಕೊರತೆ ಬಿದ್ದ ವರ್ಷಗಳಲ್ಲಿ ಆ ಮಾತು ಮತ್ತೆ ಮತ್ತೆ ಎದ್ದು ಬಂದಿದೆ.

ಉಳಿದವಕ್ಕೆ ಪತ್ರಿಕೆಯೇ ಬಾಗಿಲು. 1929ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ ಆಮೇಲೆ ಹುಬ್ಬಳ್ಳಿಗೆ ನೆಲೆ ಬದಲಿಸಿದ ‘ಸಂಯುಕ್ತ ಕರ್ನಾಟಕ’ ಈ ಸೀಮೆಯ ಮನೆಮಾತಾದ ಪತ್ರಿಕೆ. ಸುದ್ದಿಸಂಸ್ಥೆಯ ವರದಿ ಬರುತ್ತಿದ್ದುದು ಇಂಗ್ಲಿಷಿನಲ್ಲಿ, ಅದನ್ನು ರಾತ್ರಿಪಾಳಿಯ ಉಪಸಂಪಾದಕ ಗಡಿಯಾರ ನೋಡುತ್ತ ಕನ್ನಡಕ್ಕೆ ತಿರುಗಿಸಬೇಕು. ಕನ್ನಡದ ಸಮಾನ ಮಾತು ಹುಡುಕಲು ಪುರುಸೊತ್ತೆಲ್ಲಿ? ಕನ್ನಡದ ದಿನಪತ್ರಿಕೆಗಳಲ್ಲೆಲ್ಲ ಹೀಗೆಯೇ ‘ಬೆಳಕು ಚೆಲ್ಲು’, ‘ಪಾತ್ರ ವಹಿಸು’, ‘ಸುವರ್ಣಾವಕಾಶ’, ‘ಶೀತಲ ಸಮರ’, ‘ಕಪ್ಪುಪಟ್ಟಿ’ ಬಳಕೆಗೆ ಬಂದವು. ‘ಗಾಳಿಗೋಪುರ’, ‘ಮೊಸಳೆ ಕಣ್ಣೀರು’, ‘ಬಾಣಲೆಯಿಂದ ಬೆಂಕಿಗೆ’ ಎಷ್ಟು ಒಗ್ಗಿಹೋಗಿವೆ ಎಂದರೆ ಅವುಗಳಿಗೆ ಇಂಗ್ಲಿಷಿನಲ್ಲಿ ಜೋಡಿಗಳಿವೆ ಎಂಬುದು ಈಗ ಯಾರಿಗೂ ನೆನಪಾಗುವುದಿಲ್ಲ. ಬಾಣಲೆ ಎಲ್ಲ ಅಡುಗೆಮನೆಯಲ್ಲೂ ಇದೆ. ಸಾಕಲು ದುಬಾರಿ, ಬಿಡಲೂ ಆಗದ ಉಡುಗೊರೆ ಎಂಬ ಅರ್ಥದ ‘ಬಿಳಿಯಾನೆ’, ನಷ್ಟದಲ್ಲಿರುವ ನಿಗಮ ಮಂಡಳಿಗಳ ಸುದ್ದಿಯಲ್ಲಿ ಕಾಯಂ ಠಿಕಾಣಿ ಹೂಡಿದೆ. ಆದರೆ ‘ಇದು ಮಂಜುಗಡ್ಡೆಯ ತುದಿ ಮಾತ್ರ’ ಎಂಬುದು, ಅಂದರೆ ಕಂಡದ್ದಕ್ಕಿಂತ ಕಾಣದ್ದು ದೊಡ್ಡದು ಎಂಬುದು, ಅಚ್ಚಿನಾಚೆಗೆ ಕಾಲಿಡಲಿಲ್ಲ. ಕಡಲಲ್ಲಿ ತೇಲುವ ಹಿಮದ ಗುಡ್ಡವನ್ನು ಕಾಣದ ಜನಕ್ಕೆ ಅದು ಸೋಡಾ ಅಂಗಡಿಯ ಮಂಜುಗಡ್ಡೆಯಾಗಿ ತೋರಿದರೆ ತಪ್ಪು ಅವರದಲ್ಲ.

ಇಷ್ಟೆಲ್ಲ ಇಂಗ್ಲಿಷಿನ ಮಾತು ಕನ್ನಡಕ್ಕೆ ಬಂದ ಬಗೆ. ಇದಕ್ಕಿಂತ ಸ್ವಾರಸ್ಯವಾದದ್ದು, ಇಂಗ್ಲಿಷರ ಜೊತೆ ಬಂದ ವಸ್ತುಗಳನ್ನು ಹಿಡಿದು ಇಲ್ಲಿಯ ಜನ ತಮ್ಮದೇ ನುಡಿಗಟ್ಟು ಕಟ್ಟಿಕೊಂಡದ್ದು. ಅದಕ್ಕೆ ಹಿರಿಯ ಮಾದರಿ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲೇ ಇದೆ. ಶಿಶುನಾಳ ಶರೀಫರು (1819–1889) ಕೆಲಕಾಲ ಶಾಲಾ ಮಾಸ್ತರರಾಗಿದ್ದವರು, ಕಳಸದ ಗೋವಿಂದಭಟ್ಟರ ಶಿಷ್ಯರು. ಅವರ ಕಾಲಕ್ಕೆ ಹೊಸದಾದ ನೂಲಿನ ಗಿರಣಿಯನ್ನು ನೋಡಿ ಅದರ ಗಾಲಿ, ನೂಲು, ಸದ್ದನ್ನೆಲ್ಲ ದೇಹ ಮತ್ತು ಆತ್ಮದ ಕಥೆಯಾಗಿ ತಿರುಗಿಸಿ ತತ್ವಪದ ಕಟ್ಟಿದರು. ಉಗಿಯಂತ್ರ ವಿಲಾಯತಿಯದು, ಅದರಿಂದ ತೆಗೆದ ಅರ್ಥ ಶಿಶುವಿನಹಾಳದ್ದು.

ಜನಸಾಮಾನ್ಯರೂ ಹೀಗೇ ಮಾಡಿದರು. ಸುಳ್ಳು ಕೊಚ್ಚುವವನು ‘ರೈಲು ಬಿಡುತ್ತಾನೆ’. ಇದಕ್ಕೆ ಇಂಗ್ಲಿಷಿನಲ್ಲಿ ಮೂಲವೇ ಇಲ್ಲ, ಇಂಗ್ಲಿಷಿನವನಿಗೆ ಹೇಳಿದರೆ ಅವನು ವೇಳಾಪಟ್ಟಿ ಕೇಳಿಯಾನು. ಅತಿಯಾದದ್ದಕ್ಕೆ ‘ಬ್ರೇಕ್ ಹಾಕುತ್ತಾರೆ’. ಉತ್ಸಾಹ ಕುಸಿದವನು ‘ಪಂಕ್ಚರ್’ ಆಗುತ್ತಾನೆ. ಬಸ್ಸಿನ ಕಂಡಕ್ಟರ್ ಹೇಳುವ ‘ರೈಟ್’ ಕೂಡ ಬಸ್ಸಿನಿಂದಿಳಿದು ಬಂದು, ಇನ್ನು ಹೊರಡಬಹುದು ಎಂಬ ಅರ್ಥದಲ್ಲಿ ನಿಂತಿದೆ. ಸಾವಿನ ಮಾತನ್ನು ನೋಡಿದರೆ ಈ ನೆಲದ ಪದರಗಳೆಲ್ಲ ಒಂದರ ಮೇಲೊಂದು ಕಾಣುತ್ತವೆ. ವೀರಗಲ್ಲಿನವನು ಸುರಲೋಕ ಪ್ರಾಪ್ತನಾದ. ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ. ಸವಣೂರಿನ ಮುಸ್ಲಿಮರ ಮನೆಯಲ್ಲಿ ಇಂತಕಾಲ ಆಗುತ್ತದೆ, ಪತ್ರಿಕೆ ಪೈಗಂಬರವಾಸಿ ಎಂದು ಅಚ್ಚು ಹಾಕುತ್ತದೆ. ಹಳ್ಳಿಯ ಅಜ್ಜ ಶಿವನ ಪಾದ ಸೇರುತ್ತಾನೆ. ಕಟ್ಟೆಯ ಮೇಲೆ ಕೂತ ಹುಡುಗರ ಮಾತಿನಲ್ಲಿ ‘ಟಿಕೀಟ್ ತೊಗೊಂಡ’. ‘ಕಿಕ್ ದ ಬಕೆಟ್’ ನೂರು ವರ್ಷ ಪಠ್ಯದಲ್ಲಿದ್ದರೂ ಈ ಸಾಲಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಬಕೆಟ್ ಮನೆಮನೆಗೂ ಬಂದಿದೆ, ಅದನ್ನು ಒದ್ದರೆ ನೀರು ಚೆಲ್ಲುತ್ತದೆ ಅಷ್ಟೆ. ಟಿಕೀಟು ತೆಗೆದುಕೊಂಡವನು ಮಾತ್ರ ಊರು ಬಿಟ್ಟು ಹೊರಡುತ್ತಾನೆ.

2007ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಹಿಂದೆ ಸರಿದಿದ್ದ ನುಡಿಗಟ್ಟಿನ ಪಟ್ಟಿ ಈಗ ಸ್ಪರ್ಧಾತ್ಮಕ ಪರೀಕ್ಷೆಯ ಬೆನ್ನೇರಿ ಮರಳಿದೆ. ಬ್ಯಾಂಕು, ರೈಲ್ವೆ, ಪೊಲೀಸ್, ಕೇಂದ್ರ ಸರ್ಕಾರದ ಹುದ್ದೆಗಳಿಗೆ ಓದುವ ಹುಡುಗ ಹುಡುಗಿಯರು ಧಾರವಾಡದಲ್ಲಿ ರೂಮು ಮಾಡಿಕೊಂಡು ಕೋಚಿಂಗ್ ಸೇರುತ್ತಾರೆ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ಅಪರೂಪಕ್ಕೊಮ್ಮೆ, ‘ಬರ್ನ್ ದ ಮಿಡ್‌ನೈಟ್ ಆಯಿಲ್’ ಎಂದರೆ ತಡರಾತ್ರಿಯವರೆಗೆ ಓದುವುದು, ‘ಸ್ಪಿಲ್ ದ ಬೀನ್ಸ್’ ಎಂದರೆ ಗುಟ್ಟು ಬಿಟ್ಟುಕೊಡುವುದು, ‘ಬ್ರೇಕ್ ದ ಐಸ್’ ಎಂದರೆ ಸಂಕೋಚ ಮುರಿದು ಮಾತು ಶುರುಮಾಡುವುದು ಎಂದು ಬರೆದುಕೊಳ್ಳುತ್ತಾರೆ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಸಾಕು, ಈಗ ಸ್ವಂತ ವಾಕ್ಯದ ಗೋಜೂ ಇಲ್ಲ. ಇನ್ನೊಂದು ಕಡೆ, ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಕಣ, ಸಂತೆ, ಮಳೆ ನಕ್ಷತ್ರಗಳ ಸುತ್ತ ಬೆಳೆದ ಜನಪದವನ್ನೇ ಅಧ್ಯಯನದ ವಿಷಯ ಮಾಡಿಕೊಂಡಿದೆ. ಹೆದ್ದಾರಿಯ ಬದಿಯ ಆ ಕ್ಯಾಂಪಸ್ಸಿನ ಮುಂದೆಯೇ ಧಾರವಾಡದ ಕಡೆಗೆ ಹೋಗುವ ಬಸ್ಸುಗಳು ಹಾಯುತ್ತವೆ. ಒಳಗೆ ಕೂತವರ ಮಾತಿನಲ್ಲಿ ದಣಿದವನ ‘ಚಾರ್ಜ್ ಇಳಿದಿದೆ’, ಹೇಳಿದ್ದು ತಿಳಿಯದವನಿಗೆ ‘ನೆಟ್‌ವರ್ಕ್ ಸಿಗವಲ್ದು’.